11 ಕೆಜಿ ಅಕ್ಕಿ ಹೊತ್ತು ಕಲಿತ ಗೆರೆ

ದುಡಿಯುವವರನ್ನು ಬಿಡಿಸೋದು ನನಗೆ ಮೊದಲಿನಿಂದಲೂ ಕಷ್ಟ. ನಾನು ಬರೆದ ಹಮಾಲಿಯ ಹೆಗಲ ಮೇಲಿನ ಮೂಟೆ ಹತ್ತಿ ದಿಂಬಿನ ಹಾಗೆ ಕಾಣುತ್ತಿತ್ತು. ಅದಕ್ಕೇ ಆಲ್ಫ್ರೆಡ್ ವಾಡ್‌ನ ಸ್ಕೆಚ್‌ಗಳನ್ನು ನಕಲು ಮಾಡಲು ಕೂತೆ. ಅಮೆರಿಕದ ಅಂತರ್ಯುದ್ಧದಲ್ಲಿ ಹಾರ್ಪರ್ಸ್ ವೀಕ್ಲಿ ಪತ್ರಿಕೆಗಾಗಿ ಸೈನ್ಯದ ಜೊತೆಗೇ ಅಲೆದ ಚಿತ್ರಗಾರ ಆತ. ಕ್ಯಾಮೆರಾ ಆಗಲೂ ಇತ್ತು, ಆದರೆ ಕೆಲಸದಲ್ಲಿರುವ ಮನುಷ್ಯನನ್ನು ಹಿಡಿಯುವಷ್ಟು ಚುರುಕಾಗಿರಲಿಲ್ಲ. ವಾಡ್‌ನ ಮೂಲ ಚಿತ್ರಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಸ್ಕ್ಯಾನ್‌ಗಳು ಪುಕ್ಕಟೆ ಸಿಗುತ್ತವೆ.

ನಾನು ಆರಿಸಿಕೊಂಡದ್ದು 1864ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್ ಊರಿನ ಬಳಿ ಕೊರೆದ ಸುರಂಗದ ಚಿತ್ರ. ಪೆನ್ಸಿಲ್ವೇನಿಯಾದ 48ನೇ ರೆಜಿಮೆಂಟಿನಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದವರು ಬಹಳ ಮಂದಿ ಇದ್ದರು. ಎದುರಾಳಿಗಳ ಕೋಟೆಯತ್ತ ಅವರು 511 ಅಡಿ ಸುರಂಗ ಕೊರೆದರು. ಸರಿಯಾದ ಸಲಕರಣೆ ಯಾರೂ ಕೊಡಲಿಲ್ಲ. ಬಿಸ್ಕತ್ತಿನ ಪೆಟ್ಟಿಗೆಗೆ ಕೋಲು ಬಡಿದು ಅದರಲ್ಲೇ ಮಣ್ಣು ಹೊತ್ತರು! ಕೊನೆಗೆ 320 ಪೀಪಾಯಿ ಸಿಡಿಮದ್ದು ಒಳಗೆ ಹೋಯಿತು, ಒಂದೊಂದೂ 25 ಪೌಂಡ್. ಆ ಮದ್ದು ಬರುವುದನ್ನು ಅಧಿಕಾರಿ ಪ್ಲೆಸೆಂಟ್ಸ್ ನಿಂತು ನೋಡಿಕೊಳ್ಳುತ್ತಿರುವ ಚಿತ್ರ ಅದು.

ವಾಡ್ ಎಷ್ಟೋ ಸಲ ಬಣ್ಣದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಬೆಳಕು ಬೀಳುವ ಕಡೆ ಮಾತ್ರ ಬಿಳಿ ಹಚ್ಚುತ್ತಿದ್ದ. ನಾನು ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಹಾಳೆ ತಂದೆ. ನುಣುಪು ಬದಿಯಲ್ಲಿ ಬರೆದು ಕೆಟ್ಟೆ. ಒಣಗಿದ ಬಿಳಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಒರಟು ಬದಿ ಪರವಾಗಿಲ್ಲ.

ಮೂರು ಸಲ ಬರೆದರೂ ಪೀಪಾಯಿಗೆ ತೂಕ ಬರಲಿಲ್ಲ. ಟೋಪಿ, ಮೀಸೆಗೇ ಅರ್ಧ ಗಂಟೆ ಕಳೆದಿದ್ದೆ. ಕೊನೆಗೆ ಅಡುಗೆಮನೆಯಿಂದ 11 ಕೆಜಿ ಅಕ್ಕಿ ಚೀಲಕ್ಕೆ ತುಂಬಿಕೊಂಡೆ. 25 ಪೌಂಡ್ ಅಂದರೆ ಹೆಚ್ಚುಕಡಿಮೆ ಅಷ್ಟೇ ಅಲ್ವಾ. ಸುರಂಗದ ಎತ್ತರ ಸುಮಾರು ಐದಡಿ. ಹಜಾರದಲ್ಲಿ ಅಷ್ಟು ಎತ್ತರಕ್ಕೆ ಹಗ್ಗ ಕಟ್ಟಿ ಅದರ ಕೆಳಗೆ ಓಡಾಡಿದೆ. "ಚೆಲ್ಲಿದ್ರೆ ನೀನೇ ಗುಡಿಸು" ಅಂದರು ಅಮ್ಮ.

ಎಂಟು ಸುತ್ತಿಗೇ ಗೊತ್ತಾಯಿತು. ಭಾರ ಇರೋದು ತೋಳಿನಲ್ಲಲ್ಲ. ಬಲ ಹೆಗಲ ಮೇಲೆ ಚೀಲ ಇದ್ದರೆ ಸೊಂಟ ಎಡಕ್ಕೆ ಜಾರುತ್ತದೆ. ಮಂಡಿ ಪೂರ್ತಿ ನೆಟ್ಟಗಾಗುವುದೇ ಇಲ್ಲ. ಪಾದ ಎತ್ತಿ ಇಡುವುದಿಲ್ಲ, ಎಳೆದುಕೊಂಡೇ ಹೋಗುತ್ತೇವೆ. ಬಗ್ಗಿದಾಗ ಕತ್ತು ಆಮೆಯ ಹಾಗೆ ಮುಂದೆ ಬರುತ್ತದೆ. ನಾನೋ, ಮೆರವಣಿಗೆಗೆ ಹೊರಟವರ ಹಾಗೆ ಕಾಲು ಎತ್ತಿಸಿದ್ದೆ!

ನಾಲ್ಕನೆಯ ಸಲ ಬೆನ್ನಿನ ಗೆರೆ ಮೊದಲು ಎಳೆದೆ, ಆಮೇಲೆ ಮಂಡಿ, ಪಾದ. ಪೀಪಾಯಿ ಕೊನೆಗೆ. ಮುಖಕ್ಕೆ ಎರಡೇ ಗೀಟು. ಹತ್ತು ನಿಮಿಷವೂ ಹಿಡಿಯಲಿಲ್ಲ. ಇಂಥ ಸ್ಕೆಚ್‌ಗಳನ್ನು ನ್ಯೂಯಾರ್ಕಿನಲ್ಲಿ ಮರದ ಅಚ್ಚಿಗೆ ಕೆತ್ತುವವರು ಗೆರೆಗಳನ್ನೆಲ್ಲ ನೀಟಾಗಿಸುತ್ತಿದ್ದರು. ನನಗಂತೂ ವಾಡ್‌ನ ಅವಸರದ ಗೆರೆಯೇ ಇಷ್ಟ.

ಜುಲೈ 30ರ ಬೆಳಗಿನ ಜಾವ ಆ ಮದ್ದು ಸಿಡಿಯಿತು, ದೊಡ್ಡ ಹೊಂಡವೇ ಬಿತ್ತು. ಆದರೆ ಆಮೇಲಿನ ದಾಳಿ ಸೋತಿತು. ಅಷ್ಟು ದಿನದ ಅಗೆತ ದಂಡವಾಯಿತು.

ಅಕ್ಕಿ ವಾಪಸ್ ಡಬ್ಬಿಗೆ ಸುರಿದು ಹಮಾಲಿಯ ಹಳೇ ಚಿತ್ರ ತೆಗೆದೆ. ಮೂಟೆಯನ್ನು ಮುಟ್ಟಲಿಲ್ಲ. ಮಂಡಿ ಅಳಿಸಿ ಮತ್ತೆ ಬರೆದೆ.