ಕಿರ್ದಿಯ ಬಲಪುಟ: ಕಲಾ ಸಂಘಗಳಿಗೆ ಮೌಲ್ಯಮಾಪನ ಕಲಿಸಿದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಸಣ್ಣ ಕಲಾ ಸಂಘಗಳಿಗೆ ಮೌಲ್ಯಮಾಪನ, ಅಂದರೆ ತಮ್ಮ ಕೆಲಸದಿಂದ ಏನಾಯಿತು ಎಂದು ಅಳೆದು ದಾಖಲಿಸುವುದನ್ನು, ಕಲಿಸಲು ಆಗುವುದಿಲ್ಲ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಸಲಹೆಗಾರರು ಹೇಳಿದರು, ಧಾರವಾಡದ ಗೆಳೆಯರು ಹೇಳಿದರು, ಕೊನೆಗೆ ಮೇಳದ ಹಿರಿಯರೇ "ಸರ್, ಆಟ ಆಡುವುದು ನಮ್ಮ ಕೆಲಸ, ಲೆಕ್ಕ ಒಪ್ಪಿಸುವುದು ಆಡಿಟರ್ ಕೆಲಸ" ಎಂದುಬಿಟ್ಟರು. ಈಗ ಎರಡು ಹಂಗಾಮು ಕಳೆದಿವೆ. ನನ್ನ ಜೊತೆ ಬಂದ ಹತ್ತು-ಹನ್ನೆರಡು ಸಂಘಗಳಲ್ಲಿ ಏಳೆಂಟು ಸಂಘಗಳು ನಾನು ನೆನಪಿಸದೆಯೇ ದಾಖಲೆ ಇಡುತ್ತಿವೆ. ಮೂರು ಸಂಘಗಳು ಆ ದಾಖಲೆಯನ್ನೇ ಮುಂದಿಟ್ಟು ಹಣ ತಂದಿವೆ. ತರಬೇತಿ ನಡೆಸುವವರಿಗಾಗಿಯೇ ಬರೆಯುತ್ತಿರುವುದರಿಂದ ಲಾಜಿಕ್ ಮಾಡೆಲ್, ಬೇಸ್‌ಲೈನ್ ಎಂಬ ಮೌಲ್ಯಮಾಪನದ ಪರಿಭಾಷೆಗಳ ವಿವರಣೆಗೆ ಹೋಗುವುದಿಲ್ಲ.

ಮೊದಲ ಸುತ್ತು ಎಲ್ಲರೂ ಮಾಡುವ ರೀತಿಯಲ್ಲೇ ನಡೆಯಿತು. ಬಾಗಲಕೋಟೆಯ ನವನಗರದಲ್ಲಿ ಎರಡು ದಿನ ಸಭಾಂಗಣ, ಪ್ರೊಜೆಕ್ಟರ್, ಫೈಲು, ಪೆನ್ನು, ಊಟ, ಬಸ್ ಖರ್ಚು. ಎಲ್ಲ ಸೇರಿ 60,000 ರೂಪಾಯಿಯ ಆಸುಪಾಸು. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ ಆಡುವ ಲೋಕಾಪುರ ಕಡೆಯ ಪಾರಿಜಾತ ಮೇಳ, ಕರಡಿ ವಾದ್ಯ ಬಾರಿಸುವ ತೇರದಾಳ ಕಡೆಯ ಕರಡಿ ಮಜಲಿನವರು, ಗುಳೇದಗುಡ್ಡದ ಸೋಬಾನೆ ಹಾಡುವ ಹೆಣ್ಣುಮಕ್ಕಳು, ಭಜನಾ ಸಂಘದವರು ಎಲ್ಲರೂ ಬಂದರು, ಶ್ರದ್ಧೆಯಿಂದ ಕೇಳಿದರು. ಹನ್ನೆರಡು ಪುಟದ ನಮೂನೆ ಕೊಟ್ಟು ಕಳುಹಿಸಿದೆವು. ಮೂರು ತಿಂಗಳಾದ ಮೇಲೆ ವಾಪಸ್ ಬಂದದ್ದು ಎರಡೋ ಮೂರೋ. ಒಂದರಲ್ಲಿ ಎಲ್ಲ ಪ್ರಶ್ನೆಗಳಿಗೂ ‘ಅತ್ಯುತ್ತಮ’ ಎಂದೇ ಗುರುತು ಹಾಕಲಾಗಿತ್ತು. ಎರಡನೆಯ ಸುತ್ತಿನಲ್ಲಿ ಅದೇ ನಮೂನೆಯನ್ನು ಮೊಬೈಲಿಗೆ ತಂದೆವು. ತುಂಬಿದವರು ಕಲಾವಿದರಲ್ಲ, ಅವರ ಮನೆಯ ಹೈಸ್ಕೂಲ್ ಹುಡುಗರು. ಆ ಸುತ್ತಿಗೆ ಹಣ ಕೊಡುವವರು ಸಿಗಲಿಲ್ಲ, ಹದಿನೈದು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು.

ಆ ನಮೂನೆಗಳು ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಭಾಗದ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳಿಂದ ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಕೇಳಲು ಹೋದ ಸಂಘಗಳಿಗೆ "ಪರಿಣಾಮದ ವರದಿ ತನ್ನಿ" ಎಂಬ ಉತ್ತರ ಸಿಗುತ್ತದೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ, ಅಂದರೆ ಆ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ, ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿ ಇದೆ, ಅದು ಎಲ್ಲರಿಗೂ ಗೊತ್ತು. ಆದರೆ 2021ರ ನಿಯಮಗಳ ಪ್ರಕಾರ ಪರಿಣಾಮದ ಅಧ್ಯಯನ ಕಡ್ಡಾಯವಾಗುವುದು ಕಂಪನಿಯ ಸರಾಸರಿ ಸಿಎಸ್ಆರ್ ಬಾಧ್ಯತೆ 10 ಕೋಟಿ ಅಥವಾ ಹೆಚ್ಚಿದ್ದು, ಯೋಜನೆಯೂ 1 ಕೋಟಿ ಅಥವಾ ಹೆಚ್ಚಿನದಾದರೆ ಮಾತ್ರ. ಎರಡು ಲಕ್ಷ ಕೇಳುವ ಮೇಳಕ್ಕೆ ಆ ಹೊರೆ ಏಕೆ? ನಮ್ಮ ಸಂಘಗಳಿಗೆ ಇದನ್ನು ಮೊದಲ ದಿನವೇ ಹೇಳುತ್ತೇನೆ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಆಮೇಲೆ ಅವರು ತಮಗೆ ಬೇಕಾದುದನ್ನು ಕೇಳಲು ಶುರು ಮಾಡುತ್ತಾರೆ.

ದಾರಿ ತೋರಿಸಿದ್ದು ಪಾರಿಜಾತ ಮೇಳದ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ. ಯಾವ ಊರಿನ ಆಟ, ಮುಂಗಡ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು, ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ಎಷ್ಟು, ಆಯೇರಿ (ಆಟ ನೋಡುವ ಜನ ಕೊಡುವ ಕಾಣಿಕೆ) ಎಷ್ಟು ಬಂತು, ಎಲ್ಲವೂ ಅದರಲ್ಲಿತ್ತು. ‘ದಾಖಲೆ ಇಡಲು ಬಾರದವರು’ ಎಂದು ನಮ್ಮ ವರದಿಗಳಲ್ಲಿ ಬರೆಸಿಕೊಂಡ ಮೇಳ ಅದು. ಅವರ ಕಿರ್ದಿಯಲ್ಲಿ ಹದಿನೈದು ವರ್ಷದ ಆಟಗಳ ಲೆಕ್ಕ ಒಂದು ದಿನವೂ ಬಿಡದೆ ಸಿಕ್ಕಿತು. ಎಡಪುಟದಲ್ಲಿ ಹಣ ಬರೆದು ಬಲಪುಟವನ್ನು ಖಾಲಿ ಬಿಡುವುದು ಅವರ ರೂಢಿ. ಆ ಬಲಪುಟವನ್ನೇ ನಾನು ಕೇಳಿದೆ. ಹೊಸ ಪುಸ್ತಕವಿಲ್ಲ, ಹೊಸ ನಮೂನೆಯಿಲ್ಲ.

ಮೇಳಕ್ಕೆ ಹಾಕಿದ ಪ್ರಶ್ನೆಯೂ ಒಂದೇ: ಈ ಹಂಗಾಮಿನಲ್ಲಿ ನೀವು ತೀರ್ಮಾನಿಸಲೇಬೇಕಾದ ಸಂಗತಿ ಯಾವುದು? ಅವರ ತಾಲೀಮಿನ ಜಾಗದಲ್ಲೇ, ವೇಷದ ಪೆಟ್ಟಿಗೆಗಳ ನಡುವೆ ಕುಳಿತು ರಾತ್ರಿ ಹನ್ನೊಂದರವರೆಗೆ ಜಗಳ ನಡೆಯಿತು. ಕೊನೆಗೆ ಹೊರಬಂದದ್ದು ಇದು: ಬೆಳತನಕ ಆಡುವ ಆಟವನ್ನು ಮೂರು ಗಂಟೆಗೆ ಇಳಿಸಬೇಕೋ ಬೇಡವೋ. ಪಾರಿಜಾತಕ್ಕೆ ಹೆಸರಾದ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನವರಿಂದ ಕೌಜಲಗಿ ನಿಂಗಮ್ಮನವರವರೆಗೆ ಇಡೀ ರಾತ್ರಿ ಜನ ಕುಳಿತು ನೋಡಿದ ಆಟ. "ಈಗಿನ ಜನ ಕೂರುವುದಿಲ್ಲ, ಕತ್ತರಿ ಹಾಕಿರಿ" ಎಂದು ಊರೂರಿನ ಜಾತ್ರಾ ಕಮಿಟಿಯವರು ಹೇಳುತ್ತಿದ್ದರು. ಮೇಳದಲ್ಲಿ ಅರ್ಧ ಜನ ಆಗಲೇ ಒಪ್ಪಿದ್ದರು.

ಬಲಪುಟದಲ್ಲಿ ಬರೆದುಕೊಂಡದ್ದು ಸರಳ. ಗಣಪತಿ ಸ್ತುತಿಯ ಹೊತ್ತಿಗೆ ಎಷ್ಟು ಜನ, ನಡುರಾತ್ರಿಗೆ ಎಷ್ಟು, ಮಂಗಳಾರತಿಗೆ ಎಷ್ಟು. ಗಂಡಸರು ಬೇರೆ, ಹೆಣ್ಣುಮಕ್ಕಳು ಬೇರೆ. ಎಣಿಸುವ ಕೆಲಸವನ್ನು ವೇಷವಿಲ್ಲದ ಹುಡುಗನೊಬ್ಬನಿಗೆ ವಹಿಸಿದೆವು. ಆತ ಹಂದರದ ಕಂಬ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಮರುದಿನ ಫೋಟೊದ ಮೇಲೆ ಹತ್ತು ಚೌಕ ಎಳೆದು, ಮೂರು ಚೌಕದ ತಲೆ ಎಣಿಸಿ, ಸರಾಸರಿಯನ್ನು ಹತ್ತರಿಂದ ಗುಣಿಸುವುದು. ಮೂರು ಚೌಕಗಳಲ್ಲಿ ಒಂದು ಮುಂದಿನದು, ಒಂದು ನಡುವಿನದು, ಒಂದು ಹಿಂದಿನದಾಗಿರಬೇಕು. ಎಲ್ಲವನ್ನೂ ಮುಂದೆಯೇ ತೆಗೆದುಕೊಂಡರೆ ಲೆಕ್ಕ ಉಬ್ಬುತ್ತದೆ. ಒಂದೆರಡು ಊರಿನಲ್ಲಿ ಪೂರ್ತಿ ಎಣಿಸಿ ತಾಳೆ ನೋಡಿದೆವು, ನೂರಕ್ಕೆ ಹತ್ತರಷ್ಟು ಆಚೀಚೆ ಬಂತು. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಐದಾರು ಆಟ ಮುಗಿಯುವಷ್ಟರಲ್ಲಿ ಚಿತ್ರ ಕಾಣಿಸಿತು. ಗಂಡಸರ ಕಡೆ ಜನ ನಿಧಾನವಾಗಿ ಇಳಿಯುತ್ತಿದ್ದರು. ಹೆಣ್ಣುಮಕ್ಕಳ ಕಡೆ ಮೊದಲಿಗೆ ನೂರೈವತ್ತರ ಹತ್ತಿರ ಇದ್ದವರು ನಡುರಾತ್ರಿಯವರೆಗೂ ಕದಲುತ್ತಿರಲಿಲ್ಲ, ಆಮೇಲೆ ಒಂದು ಗಂಟೆಯೊಳಗೆ ಮೂವತ್ತು-ನಲವತ್ತಕ್ಕೆ ಇಳಿಯುತ್ತಿದ್ದರು. ಆಟ ಬೇಸರವಾಗಿದ್ದರೆ ಹೀಗೆ ಒಟ್ಟಿಗೆ ಏಳುವುದಿಲ್ಲ. ಮರುದಿನ ಅವರನ್ನೇ ಕೇಳಿಸಿದೆವು. ಯಾರಿಂದ ಕೇಳಿಸಿದೆ, ಮೊದಲ ಮಾತು ಏನಾಗಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ತರಬೇತಿಯ ಜೀವಾಳ. ಮೇಳದವರಿಂದಲ್ಲ, ನನ್ನಿಂದಲೂ ಅಲ್ಲ ಎಂದಷ್ಟೇ ಹೇಳುತ್ತೇನೆ. ಸಿಕ್ಕ ಉತ್ತರ: ಶೌಚಕ್ಕೆ ಹೋಗುವ ದಾರಿಯಲ್ಲಿ ದೀಪವಿಲ್ಲ. ಒಬ್ಬರು ಎದ್ದರೆ ಜೊತೆಗೆ ನಾಲ್ವರು ಏಳಬೇಕು, ಎದ್ದವರು ಹಾಗೆಯೇ ಮನೆಗೆ ಹೋಗುತ್ತಾರೆ.

ಮುಂದಿನ ಊರುಗಳಲ್ಲಿ ಮೇಳದವರು ವೀಳ್ಯ ಹಿಡಿಯುವಾಗಲೇ, ಅಂದರೆ ಆಟ ಒಪ್ಪಿಕೊಳ್ಳುವಾಗಲೇ, ಕಮಿಟಿಗೆ ಷರತ್ತು ಹಾಕಿದರು: ಹೆಣ್ಣುಮಕ್ಕಳ ಕಡೆಯಿಂದ ಹೋಗುವ ದಾರಿಗೆ ಎರಡು ಬಲ್ಬು ಕಟ್ಟಿರಿ. ವೈರು, ಹೋಲ್ಡರು ಸೇರಿ ಐದಾರುನೂರು ರೂಪಾಯಿಯ ಖರ್ಚು. ಬಲ್ಬು ಕಟ್ಟಿದ ಊರುಗಳಲ್ಲಿ ಮಂಗಳಾರತಿಗೆ ಎಂಬತ್ತು-ತೊಂಬತ್ತು ಹೆಣ್ಣುಮಕ್ಕಳು ಉಳಿದರು. ಕಟ್ಟದ ಊರುಗಳಲ್ಲಿ ಹಳೆಯ ಕಥೆಯೇ. ಇಷ್ಟು ಕಡಿಮೆ ಆಟಗಳಿಂದ ಎಲ್ಲವೂ ಬಲ್ಬಿನಿಂದಲೇ ಆಯಿತು ಎನ್ನಲಾರೆ, ಕಬ್ಬಿನ ಕಟಾವು ಮುಗಿದ ಊರುಗಳಲ್ಲಿ ಜನ ಹೇಗೂ ಹೆಚ್ಚು ಹೊತ್ತು ಕೂರುತ್ತಾರೆ. ಮೇಳಕ್ಕೆ ಮಾತ್ರ ಅದು ಸಾಕಾಯಿತು. ಆಟಕ್ಕೆ ಕತ್ತರಿ ಬೀಳಲಿಲ್ಲ. ಸತ್ಯಭಾಮೆಯ ಪಾತ್ರ ಮಾಡುವ ಹಿರಿಯರು ಆ ಪುಟವನ್ನು ಕಮಿಟಿಯವರ ಮುಂದೆ ಬಿಚ್ಚಿಟ್ಟು, "ಜನ ಕೂರುವುದಿಲ್ಲ ಎನ್ನುತ್ತೀರಲ್ಲ ಗೌಡರೇ, ಇಲ್ಲಿ ನೋಡಿರಿ" ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಯಾವ ಪ್ರೊಜೆಕ್ಟರಿನಿಂದಲೂ ಆ ಧೈರ್ಯ ಬಂದಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಆಯೇರಿಯ ಮೊತ್ತವನ್ನೇ ಆಟದ ಗುಣಮಟ್ಟದ ಅಳತೆಯಾಗಿ ಹಿಡಿಯೋಣ ಎಂದು ಒಂದು ಸಂಘ ಹಟ ಹಿಡಿಯಿತು. ಮೂರು ಊರಿನ ಲೆಕ್ಕ ಹಾಕಿದೆವು. ನಟನ ಬೀಗರಿರುವ ಊರಿನಲ್ಲಿ ಆಯೇರಿ ಹೆಚ್ಚು, ಚುನಾವಣೆ ಹತ್ತಿರವಿದ್ದಲ್ಲಿ ಇನ್ನೂ ಹೆಚ್ಚು. ಅದನ್ನು ಕೈಬಿಟ್ಟೆವು. ಗಡಿಗೆಯಲ್ಲಿ ಕಾಳು ಹಾಕಿಸುವ ಮತದಾನವೂ ಆಯಿತು, ಮೆಚ್ಚಿದವರು ಜೋಳ, ಮೆಚ್ಚದವರು ಕಡಲೆ. ಊರ ಹಿರಿಯರು ಗಡಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತ ಕಡೆ ಬರೀ ಜೋಳ ಬಿತ್ತು. ಬಾಯಿ ಕಿರಿದಾದ ಗಡಿಗೆಯನ್ನು ಪರದೆಯ ಹಿಂದೆ ಇಟ್ಟ ಮೇಲೆ ಕಡಲೆಯೂ ಸಿಗತೊಡಗಿತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸುಮಾರು ಒಂದು ತಿಂಗಳು ಬೀಡುಬಿಡುತ್ತವಲ್ಲ, ಅಲ್ಲಿಯೂ ಗಡಿಗೆ ಇಟ್ಟು ನೋಡಬೇಕೆಂದಿದ್ದೇನೆ. ಟಿಕೆಟ್ ಕೊಂಡವರ ಮನಸ್ಸು ಬೇರೆ ಇರಬಹುದು.

ಮಕ್ಕಳ ಶಿಬಿರಗಳಲ್ಲಿ ಇನ್ನೊಂದು ಪಾಠ ಸಿಕ್ಕಿತು. ಮೊದಲ ದಿನ "ತಾಳ ಬರುತ್ತದೆಯೇ?" ಎಂದರೆ ಎಲ್ಲರೂ ಬರುತ್ತದೆ ಎನ್ನುತ್ತಾರೆ. ಕೊನೆಯ ದಿನ ಮತ್ತೆ ಕೇಳಿದರೂ ಅದೇ ಉತ್ತರ, ಹಾಗಾಗಿ ಶಿಬಿರದಿಂದ ಏನೂ ಆಗಿಲ್ಲ ಎಂದೇ ಕಾಗದ ಹೇಳುತ್ತದೆ. ಈಗ ಕೊನೆಯ ದಿನವೇ ಎರಡು ಪ್ರಶ್ನೆ ಕೇಳುತ್ತೇನೆ: ಬಂದಾಗ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತದೆ. ಕಲಿತ ಮಗುವಿಗೇ ತನ್ನ ಹಿಂದಿನ ಅಳತೆ ಗೊತ್ತಾಗುವುದು. ಆದರೂ ನಾನು ನಂಬುವ ಲೆಕ್ಕ ಬೇರೆ: ಮುಂದಿನ ಹಂಗಾಮಿನ ತಾಲೀಮಿಗೆ ಎಷ್ಟು ಮಕ್ಕಳು ಬಂದರು. ಒಂದು ಶಿಬಿರದ ಇಪ್ಪತ್ತು-ಇಪ್ಪತ್ತೈದು ಮಕ್ಕಳಲ್ಲಿ ಉಳಿದವರು ಆರೇಳು. ಬಹುಮಾನ ಗೆದ್ದವರೇ ಉಳಿಯುತ್ತಾರೆ ಎಂದು ಮಾಸ್ತರರು ನಂಬಿದ್ದರು, ಉಳಿದವರು ತಾಲೀಮಿನ ಜಾಗಕ್ಕೆ ಹತ್ತಿರ ಮನೆ ಇದ್ದವರು. ಹತ್ತನೆಯ ತರಗತಿಗೆ ಬಂದ ಹುಡುಗಿಯರಂತೂ ಒಬ್ಬರೂ ಉಳಿದಿರಲಿಲ್ಲ. ತಾಲೀಮನ್ನು ರಾತ್ರಿಯಿಂದ ಭಾನುವಾರ ಬೆಳಿಗ್ಗೆಗೆ ಬದಲಿಸಿದ ಮೇಲೆ ಇಬ್ಬರು ಮರಳಿದ್ದಾರೆ.

ಖರ್ಚಿನ ಮಾತು. ಈಗ ಒಂದು ಸುತ್ತಿಗೆ ಹದಿನೆಂಟು-ಇಪ್ಪತ್ತು ಸಾವಿರದಲ್ಲಿ ಮುಗಿಯುತ್ತದೆ, ಹೆಚ್ಚಿನ ಪಾಲು ನನ್ನ ಓಡಾಟಕ್ಕೆ. ಸಂಘದಿಂದ 1,500 ರೂಪಾಯಿ ಠೇವಣಿ ಇಡಿಸಿಕೊಳ್ಳುತ್ತೇನೆ, ಹಂಗಾಮು ಮುಗಿದು ಬಲಪುಟ ತೋರಿಸಿದ ದಿನ ಅಷ್ಟನ್ನೂ ಮರಳಿಸುತ್ತೇನೆ. ಉಚಿತವಾಗಿ ಕಲಿಸಿದಾಗ ಇಲ್ಲದ ಗಂಭೀರತೆ ಇದರಿಂದ ಬಂತು. ಎಣಿಸುವ ಹುಡುಗನಿಗೆ ಪ್ರತಿ ಆಟಕ್ಕೆ 200 ರೂಪಾಯಿ ಕೊಡಬೇಕು, ಅದನ್ನು ಎಡಪುಟದಲ್ಲಿ ಪೇಟಿ ಮಾಸ್ತರರ ಸಂಭಾವನೆಯ ಕೆಳಗೇ ಬರೆಯಬೇಕು ಎಂಬುದು ನನ್ನ ಷರತ್ತು. ಈ ಹಣವನ್ನು ಉಳಿಸಲು ಹೋದ ಎರಡು ಸಂಘಗಳ ಬಲಪುಟ ಮೂರನೆಯ ಆಟಕ್ಕೇ ನಿಂತಿತು. ಅನುದಾನ ಕೇಳುವ ಅರ್ಜಿಯಲ್ಲೂ ಈ ಖರ್ಚನ್ನು ಬೇರೆ ಸಾಲಾಗಿಯೇ ತೋರಿಸಿರಿ. ನಮ್ಮ ಮೂರು ಅರ್ಜಿಗಳಲ್ಲಿ ತೋರಿಸಿದ್ದೆವು, ಮೂರರಲ್ಲೂ ಯಾರೂ ಅದನ್ನು ಹೊಡೆದುಹಾಕಲಿಲ್ಲ.