ಟಿ.ವಿ. ಕೊಳ್ಳುವ ಮುನ್ನ ಅಳತೆ ಟೇಪು ಹಿಡಿಯಿರಿ

ಹಬ್ಬಕ್ಕೆ ಹೊಸ ಟಿ.ವಿ. ತರಬೇಕೆಂದು ದಾವಣಗೆರೆಯ ಅಂಗಡಿಗಳತ್ತ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಮನೆಯಲ್ಲೇ ಇದೆ. ನೀವು ನಿತ್ಯ ಕೂರುವ ಜಾಗದಿಂದ ಟಿ.ವಿ. ಇಡುವ ಗೋಡೆಗೆ ಎಷ್ಟು ಅಡಿ ಇದೆಯೆಂದು ಅಳೆದು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಪರದೆಯ ಮೇಲೆ ಸಾಲುಸಾಲಾಗಿ ಕೂತಿರುವ ಬೆಳಕಿನ ಚುಕ್ಕಿಗಳೇ ಪಿಕ್ಸೆಲ್‌ಗಳು. ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಎಂಬ ಅವುಗಳ ಲೆಕ್ಕವೇ ರೆಸಲ್ಯೂಷನ್. ಎಚ್‌ಡಿ ರೆಡಿ ಸೆಟ್ಟಿನಲ್ಲಿ ಸಾಮಾನ್ಯವಾಗಿ 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ 1920×1080, 4ಕೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ. ಆದರೆ ಈ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಕಣ್ಣಿನ ಶಕ್ತಿಗೆ ಮಿತಿಯಿದೆ. 43 ಇಂಚಿನ ಫುಲ್ ಎಚ್‌ಡಿ ಪರದೆಯಿಂದ ಸುಮಾರು ಐದೂವರೆ ಅಡಿ ಹಿಂದೆ ಸರಿದರೆ, 55 ಇಂಚಿನದಾದರೆ ಏಳು ಅಡಿ ದಾಟಿದರೆ, ಸಾಮಾನ್ಯ ದೃಷ್ಟಿಯವರಿಗೆ ಅವು ಬೇರೆಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಎಂಟು ಅಡಿಯೆಂದಿದ್ದು, 43 ಇಂಚು ಸಾಕೆನಿಸಿದರೆ, ಬರೀ 4ಕೆ ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡಬೇಡಿ ಎಂಬುದು ನನ್ನ ಖಚಿತ ಸಲಹೆ. ಇನ್ನೂ ಹೆಚ್ಚು ಚುಕ್ಕಿಗಳಿರುವ 8ಕೆಯ ಯೋಚನೆಯನ್ನಂತೂ ಸದ್ಯ ಬಿಡಬಹುದು.

ಎರಡನೆಯದಾಗಿ, ಮನೆಯಲ್ಲಿ ಏನು ನೋಡುತ್ತೀರೆಂಬುದನ್ನು ವಿಚಾರಿಸಿಕೊಳ್ಳಿ. ಸಾಧಾರಣ ಎಸ್‌ಡಿ ವಾಹಿನಿಯ ಚಿತ್ರದಲ್ಲಿ ಹೆಚ್ಚೆಂದರೆ 720×576 ಚುಕ್ಕಿಗಳಿರುತ್ತವೆ. 4ಕೆ ಪರದೆ ಅದರ ಒಂದೊಂದು ಚುಕ್ಕಿಯನ್ನೂ ಸುಮಾರು ಇಪ್ಪತ್ತು ಚುಕ್ಕಿಗಳಿಗೆ ಹಿಗ್ಗಿಸಬೇಕಾಗುತ್ತದೆ. ಅಂಗಡಿಯಲ್ಲಿ ಓಡುವ ಹೂವು, ಜಲಪಾತಗಳ ವಿಡಿಯೊ ನೋಡಿ ಮನಸ್ಸು ಮಾಡದೆ, ಕನ್ನಡ ಸುದ್ದಿವಾಹಿನಿಯೊಂದನ್ನು ಹಾಕಿಸಿ, ಚೀಟಿಯಲ್ಲಿರುವಷ್ಟೇ ಅಡಿ ದೂರ ನಿಂತು, ಪರದೆಯ ಕೆಳಗೆ ಸರಿಯುವ ಸಾಲನ್ನು ಓದಿ. 'ರಾಷ್ಟ್ರ', 'ಸಾಮರ್ಥ್ಯ'ದಂತಹ ಪದಗಳ ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳದೆ, ಅಂಚು ಒಡೆಯದೆ ನಿಂತರೆ ಆ ಸೆಟ್ಟು ನಿಮ್ಮ ಮನೆಗೆ ಹೊಂದುತ್ತದೆ.

ಬಿಲ್ ಹಾಕಿಸುವ ಮುನ್ನ ಪೆಟ್ಟಿಗೆಯ ಮೇಲಿನ ವಿವರವನ್ನು ಸ್ವತಃ ಓದಿ. '4ಕೆ ಸಪೋರ್ಟ್' ಎಂದಿದ್ದ ಮಾತ್ರಕ್ಕೆ ಪರದೆ 4ಕೆ ಆಗಿರಬೇಕೆಂದಿಲ್ಲ. ಅಂತಹ ವಿಡಿಯೊವನ್ನು ಸ್ವೀಕರಿಸಿ, ಕುಗ್ಗಿಸಿ ತೋರಿಸುತ್ತದೆ ಎಂದಷ್ಟೇ ಅದರ ಅರ್ಥವಾಗಿರಬಹುದು. ನಿಜವಾದ 4ಕೆ ಸೆಟ್ಟಾದರೆ ಪ್ಯಾನೆಲ್ ರೆಸಲ್ಯೂಷನ್ ಎಂಬ ಸಾಲಿನಲ್ಲಿ 3840×2160 ಎಂದೇ ಇರಬೇಕು.

ಮನೆಗೆ ತಂದ ಮೇಲೆ ಸೆಟ್‌ಟಾಪ್ ಬಾಕ್ಸ್‌ನ ಹಳೆಯ ಕೆಂಪು, ಹಳದಿ, ಬಿಳಿ ಪಿನ್ನಿನ ವೈರನ್ನು ತೆಗೆದು ಎಚ್‌ಡಿಎಂಐ ಕೇಬಲ್ ಹಾಕಿಸಿ. ಆ ಹಳೆಯ ವೈರಿನಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ.