ಉಬುಂಟುವಿನಲ್ಲಿ ಆರ್ಡುಯಿನೊ ಕಾಣಿಸ್ತಿಲ್ವಾ?

ಉಬುಂಟು 22.04ರಲ್ಲಿ ಸಿಎಚ್340 (ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವ) ಚಿಪ್ ಇರುವ ಅಗ್ಗದ ಆರ್ಡುಯಿನೊ, ಅಂದ್ರೆ ಪ್ರೋಗ್ರಾಂ ಹಾಕಿ ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಚುಚ್ಚಿದರೆ ಅದರ ಪೋರ್ಟ್ ಒಂದು ಕ್ಷಣ ಬಂದು ಮಾಯವಾಗಬಹುದು. ನಾನು ಸುಮ್ನೆ ಎರಡು ಕೇಬಲ್ ಬದಲಿಸಿದೆ. ಆದ್ರೆ ತಪ್ಪು ಕೇಬಲ್‌ನದಲ್ಲ.

ಟರ್ಮಿನಲ್‌ನಲ್ಲಿ ‘ಸುಡೊ ಡಿಎಂಇಎಸ್‌ಜಿ’ (sudo dmesg) ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ‘ಬಿಆರ್‌ಎಲ್‌ಟಿಟಿವೈ’ (brltty) ಹೆಸರು ಕಂಡರೆ ಕಳ್ಳ ಸಿಕ್ಕ ಹಾಗೆ. ಅದು ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇಗಾಗಿ ಇರುವ ಪ್ರೋಗ್ರಾಂ. ಒಂದು ಬ್ರೈಲ್ ಸಾಧನಕ್ಕೂ ಈ ಚಿಪ್‌ನದೇ ಯುಎಸ್‌ಬಿ ಐಡಿ (ಸಾಧನವನ್ನು ಗುರುತಿಸುವ ಸಂಖ್ಯೆ), 1a86:7523. ಹಾಗಾಗಿ ಆ ಪ್ರೋಗ್ರಾಂ ನಮ್ಮ ಬೋರ್ಡನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ, ಪಾಪ.

ಮನೆಯಲ್ಲಿ ಬ್ರೈಲ್ ಬಳಸುವವರು ಇಲ್ಲದಿದ್ದರೆ ಆ ಬಿಆರ್‌ಎಲ್‌ಟಿಟಿವೈ ಪ್ಯಾಕೇಜ್ ತೆಗೆದು, ಬೋರ್ಡ್ ಕಿತ್ತು ಮತ್ತೆ ಚುಚ್ಚಿ. ಇದ್ದರೆ ತೆಗೆಯಬೇಡಿ. ಬಿಆರ್‌ಎಲ್‌ಟಿಟಿವೈಯ ಯುಡೆವ್ (udev) ಫೈಲ್‌ನಲ್ಲಿ, ಅಂದ್ರೆ ಸಾಧನ ಚುಚ್ಚಿದಾಗ ಏನು ಮಾಡಬೇಕೆಂಬ ನಿಯಮಗಳ ಫೈಲ್‌ನಲ್ಲಿ, ಆ ಐಡಿಯ ಸಾಲಿನ ಮೊದಲಿಗೆ ಮಾತ್ರ # ಹಾಕಿ.

ಆಮೇಲೂ ‘ಪರ್ಮಿಷನ್ ಡಿನೈಡ್’ ಬಂದರೆ ನಿಮ್ಮ ಯೂಸರನ್ನು ಪೋರ್ಟ್ ಬಳಸಲು ಅನುಮತಿ ಇರುವ ‘ಡಯಲ್‌ಔಟ್’ (dialout) ಗುಂಪಿಗೆ ಸೇರಿಸಿ. ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಜಾಸ್ತಿ ಜನ ಮರೆಯೋದು ಇದನ್ನೇ.